ನೀಲಗಾರರಿಗೆ ಹಾಸ್ಟೆಲಿನಲ್ಲೊಂದು ರೂಮು

ಚಾಮರಾಜನಗರ ಸೀಮೆಯ ಉಮ್ಮತ್ತೂರಿನ ಆಸುಪಾಸಿನಲ್ಲಿ ಯಾವ ಹಬ್ಬಕ್ಕೆ ಹೋದರೂ ಮಂಟೇಸ್ವಾಮಿ ಪರಂಪರೆಯ ನೀಲಗಾರರ ಹಾಡು ನಮ್ಮ ಕಿವಿಗೆ ಬೀಳಬೇಕಾದರೆ ಮೊದಲು ಮೈಕ್‌ಸೆಟ್‌ನವನ ದಯೆ ಬೇಕು. ವೈರು ಜೋಡಿಸಿ ಆತ ಮೊಟ್ಟಮೊದಲು ಕೈ ಹಾಕುವುದು ಎಕೋ ಗುಂಡಿಗೆ. ಅಲ್ಲಿಗೆ ಮುಗಿಯಿತು. ಹಾಡುಗಾರ ಒಂದು ಸಲ ಕೂಗಿದ ಹೆಸರು ಮೂರು ಸಲ ಮರಳುತ್ತದೆ, ತಂಬೂರಿಯ ಶ್ರುತಿ ಯಾವುದು ಸ್ಪೀಕರಿನ ಗುಂಯ್‌ಗಾಟ ಯಾವುದು ಎಂದು ತಿಳಿಯುವುದಿಲ್ಲ, ಲಯವನ್ನೆಲ್ಲ ಹೊತ್ತು ನಡೆಯಬೇಕಾದ ಗಗ್ಗರ ಚಿಲ್ಲರೆ ಕಾಸು ಚೆಲ್ಲಿದಂತೆ ಕೇಳುತ್ತದೆ. ಮೈಕಿನ ಹಂಗಿಲ್ಲದೆ ಜಗುಲಿಯ ಮೇಲೆ ಕೂತು ಇದೇ ಮೇಳ ಕೇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಉಳಿದವರು, ಪಾಪ, ಎಕೋವನ್ನೇ ಜಾನಪದ ಎಂದುಕೊಂಡಿದ್ದಾರೆ.

ಮೈಕ್‌ಸೆಟ್‌ನವನನ್ನು ಬೈದು ಫಲವಿಲ್ಲ. ನಮ್ಮ ಸೀಮೆಯ ಕಲಾವಿದನೊಬ್ಬ ತನ್ನ ಜೀವಮಾನದಲ್ಲಿ ಒಡನಾಡುವ ಏಕೈಕ ತಂತ್ರಜ್ಞ ಆತ. ಅವನಾದರೂ ಸಂಜೆ ಬಂದು ಬೆಳಗಿನ ಜಾವ ವೈರು ಸುತ್ತಿಕೊಂಡು ಹೊರಡುವವನು. ಇಂಜಿನಿಯರಿಂಗ್ ನಮ್ಮನ್ನು ದಾಟಿ ಹೋಗುವುದೇನೂ ಹೊಸತಲ್ಲ ಬಿಡಿ. ಉಮ್ಮತ್ತೂರಿನ ಗಂಗರಾಜ ಕೃಷ್ಣದೇವರಾಯನಿಗೆ ಎದುರು ನಿಂತ ಅದೇ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿತು. ಹುಟ್ಟಿದ್ದೇ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಓಡಿತು. ಸುತ್ತಲ ಹಳ್ಳಿಗಳಲ್ಲಿ ಹರಳೆಣ್ಣೆ ದೀಪವೇ ಉರಿಯುತ್ತಿತ್ತು.

ಕಲಾವಿದನನ್ನೂ ಇಂಜಿನಿಯರನ್ನೂ ಒಂದೇ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಕೂಡಿಸಿ ಇರಿಸುವ ರೆಸಿಡೆನ್ಸಿಗಳ ಸುದ್ದಿ ಓದಿದಾಗಲೆಲ್ಲ ನನಗೆ ನೆನಪಾಗುವುದು ಈ ಎಕೋ ಗುಂಡಿಯೇ. ಈ ಬಗೆಯ ಪ್ರಯೋಗಗಳ ಮೂಲಪುರುಷರಲ್ಲಿ ಒಬ್ಬ ಬಿಲ್ಲಿ ಕ್ಲೂವರ್, ಅಮೆರಿಕದ ಬೆಲ್ ಲ್ಯಾಬ್ಸ್‌ನ ಇಂಜಿನಿಯರ್. 1966ರ ಅಕ್ಟೋಬರಿನಲ್ಲಿ ಚಿತ್ರಕಾರ ರಾಬರ್ಟ್ ರೌಷನ್‌ಬರ್ಗ್ ಜೊತೆ ಸೇರಿ, ಹತ್ತು ಮಂದಿ ಕಲಾವಿದರಿಗೆ ಮೂವತ್ತರಷ್ಟು ಇಂಜಿನಿಯರುಗಳನ್ನು ಜೋಡಿಸಿ, ನ್ಯೂಯಾರ್ಕಿನ ಸೈನ್ಯದ ಕವಾಯತು ಮನೆಯೊಂದರಲ್ಲಿ ಒಂಬತ್ತು ಸಂಜೆಗಳ ಪ್ರದರ್ಶನ ಏರ್ಪಡಿಸಿದ. ರೌಷನ್‌ಬರ್ಗ್ ಆಡಿಸಿದ್ದು ಟೆನಿಸ್. ರ‍್ಯಾಕೆಟ್ಟಿನ ಹಿಡಿಯೊಳಗೆ ಪುಟ್ಟ ಎಫ್‌ಎಂ ಟ್ರಾನ್ಸ್‌ಮಿಟರ್ ಕೂತಿತ್ತು. ಚೆಂಡಿಗೆ ಹೊಡೆದಾಗಲೆಲ್ಲ ಇಡೀ ಹಾಲಿನಲ್ಲಿ ಢಣ್ ಎಂದು ಗಂಟೆಯಂಥ ಸದ್ದು, ಜೊತೆಗೆ ಮೇಲಿನ ಒಂದೊಂದು ದೀಪ ಆರುವುದು. ಕೊನೆಗೆ ಪೂರ್ತಿ ಕತ್ತಲು. ಆ ಕತ್ತಲಲ್ಲಿ ನೂರಾರು ಜನ ಸೇರಿ ನಿಂತಿದ್ದನ್ನು ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ಪರದೆಯ ಮೇಲೆ ತೋರಿಸಿತು. ಆ ಒಂಬತ್ತು ಸಂಜೆಗಳಲ್ಲಿ ಯಂತ್ರಗಳು ಕೈಕೊಟ್ಟದ್ದೂ ಉಂಟು, ವಿಮರ್ಶಕರು ಉಗಿದದ್ದೂ ಉಂಟು. ನನಗೆ ಅದು ಮುಖ್ಯವಲ್ಲ. ಇಂಜಿನಿಯರು ಕಲಾವಿದನ ಮನೆಯ ರಿಪೇರಿಯವನಲ್ಲ, ಸಮಪಾಲಿನ ಜೊತೆಗಾರ ಎಂಬ ಪಟ್ಟನ್ನು ಕ್ಲೂವರ್ ಸಡಿಲಿಸಲಿಲ್ಲ.

ಆ ಗಾಳಿ ಭಾರತಕ್ಕೂ ಬೀಸಿತು. 1969ರಲ್ಲಿ ಡೇವಿಡ್ ಟ್ಯೂಡರ್ ಎಂಬ ಸಂಗೀತಗಾರ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ಮೂಗ್ ಸಿಂಥಸೈಜರ್ ಸ್ಥಾಪಿಸಿದರು. ಗೀತಾ ಸಾರಾಭಾಯಿ, ಐ.ಎಸ್. ಮಾಥುರ್, ಅತುಲ್ ದೇಸಾಯಿ, ಎಸ್.ಸಿ. ಶರ್ಮಾ, ಜಿನ್‌ರಾಜ್ ಜೋಶಿಪುರ ಆ ಯಂತ್ರದ ಎದುರು ಕೂತು ನಮ್ಮ ದೇಶದ ಮೊದಮೊದಲ ಎಲೆಕ್ಟ್ರಾನಿಕ್ ಸಂಗೀತ ಕಟ್ಟಿದರು. ಕೆಲವೇ ವರ್ಷಗಳಲ್ಲಿ ಎಲ್ಲ ನಿಂತಿತು. ಟೇಪುಗಳು ಸಂಸ್ಥೆಯ ಬೀರುವಿನಲ್ಲಿ ದಶಕಗಟ್ಟಲೆ ಮಲಗಿ, ಪಾಲ್ ಪುರ್ಗಸ್ ಎಂಬ ಬ್ರಿಟಿಷ್ ಕಲಾವಿದನ ಕಣ್ಣಿಗೆ ಬಿದ್ದ ಮೇಲೆ, 2023ರಲ್ಲಿ ಆಲ್ಬಮ್ಮಾಗಿ ಹೊರಬಂದವು. ಕೇಳಿದರೆ ಖುಷಿಯಾಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ಯಂತ್ರ ಬಂತು, ಪ್ರತಿಭೆಯೂ ಇತ್ತು, ಆದರೆ ಅದನ್ನು ಮುಂದಿನ ತಲೆಮಾರಿಗೆ ಕಲಿಸುವ ವ್ಯವಸ್ಥೆ ಬೇರೂರಲಿಲ್ಲ.

ಬೆಂಗಳೂರಿನಲ್ಲಿ ಚಿತ್ರ ಸ್ವಲ್ಪ ಬೇರೆ. ಸೃಷ್ಟಿ ಕಲಾಶಾಲೆಯ ಹುಡುಗ ಹುಡುಗಿಯರು, ಜೀವಶಾಸ್ತ್ರದ ಗಂಧವಿಲ್ಲದವರು, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳ ನೆರವು ಪಡೆದು 2009ರಲ್ಲಿ ಬ್ಯಾಕ್ಟೀರಿಯಾದಿಂದ ಮೊದಲ ಮಳೆಯ ಮಣ್ಣಿನ ವಾಸನೆ ಹೊರಡಿಸಲು ಹೊರಟರು. ಆ ವಾಸನೆಯ ಹಿಂದಿರುವುದು ಜಿಯೋಸ್ಮಿನ್ ಎಂಬ ವಸ್ತು. ಅದನ್ನು ತಗೊಂಡು ಅಮೆರಿಕದ ಎಂಐಟಿಯಲ್ಲಿ ನಡೆದ ಜೈವಿಕ ಇಂಜಿನಿಯರಿಂಗ್ ಸ್ಪರ್ಧೆಗೂ ಹೋಗಿಬಂದರು. ಬರೀ ಜೀವಶಾಸ್ತ್ರದವರಿಗೆ ಹೊಳೆಯುವ ಆಸೆಯಲ್ಲ ಅದು. ಅಲ್ಲಿಂದೀಚೆಗೆ ಬೆಂಗಳೂರಿನಲ್ಲಿ ಇಂಥ ಕೂಟಗಳಿಗೆ ಬರವಿಲ್ಲ. 2024ರ ಜನವರಿಯಲ್ಲಿ ಬಾಗಿಲು ತೆರೆದ ಸೈನ್ಸ್ ಗ್ಯಾಲರಿಗಂತೂ ಕಲೆ ಮತ್ತು ವಿಜ್ಞಾನದ ಬೆಸುಗೆಯೇ ಕಸುಬು. ಹೊಗಳೋಣ. ಆದರೆ ಎಲ್ಲ ಬೆಂಗಳೂರಿನಲ್ಲೇ ಏಕೆ?

ನನ್ನ ಕಿವಿ ಇರುವುದು ನಮ್ಮ ಸೀಮೆಯ ಕಂಚಿನ ಕಡೆಗೆ. ಮಾದಪ್ಪನ ದೇವರಗುಡ್ಡರ ಕೈಯ ಕಂಸಾಳೆ ನೋಡಿ: ಒಂದು ಬಟ್ಟಲು, ಒಂದು ಕುಚ್ಚು ಕಟ್ಟಿದ ಚಪ್ಪಟೆ ತಾಳ. ಬೀಸು ಕಂಸಾಳೆಯಲ್ಲಿ ಆ ತಾಳ ಗಾಳಿಯಲ್ಲಿ ಸುತ್ತಿ ಬಂದು ಬಟ್ಟಲಿಗೆ ತಾಗುವ ಕ್ಷಣದಲ್ಲಿ ಎರಡು ಸದ್ದು ಇರುತ್ತವೆ, ಒಂದು ಹೊಡೆತದ್ದು, ಇನ್ನೊಂದು ಉಜ್ಜಿದ್ದು. ಹಿತ್ತಾಳೆಯ ಜೋಡಿಯಾದರೆ ಎರಡನೆಯದು ಹುಟ್ಟುವ ಮೊದಲೇ ಸಾಯುತ್ತದೆ. ಕಂಚಿನದಾದರೆ ಉಳಿದು ಎಳೆಯುತ್ತದೆ. ತಾಮ್ರಕ್ಕೆ ಸುಮಾರು ಐದನೇ ಒಂದು ಭಾಗದಷ್ಟು ತವರ ಬೆರೆತ ಕಂಚಿಗೆ ನಾದ ಹೆಚ್ಚು, ಒಡೆಯುವ ಗುಣವೂ ಹೆಚ್ಚು. ತವರ ಶೇಕಡಾ 23ರ ಹತ್ತಿರ ಇದ್ದಾಗ ಕೆಂಪಗೆ ಕಾಯಿಸಿ, ಬಡಿದು, ನೀರಿನಲ್ಲಿ ಅದ್ದಿದರೆ ಆ ಒಡೆಯುವ ಗುಣ ತಗ್ಗುತ್ತದೆ, ನಾದವೂ ನಿಲ್ಲುತ್ತದೆ. ಈ ವಿದ್ಯೆ ದಕ್ಷಿಣ ಭಾರತದಲ್ಲಿ ಎಷ್ಟು ಹಳೆಯದು ಎಂದು ಹುಡುಕಿ ತೋರಿಸಿದವರಲ್ಲಿ ಪ್ರಮುಖರು ಶಾರದಾ ಶ್ರೀನಿವಾಸನ್. ಬಾಂಬೆ ಐಐಟಿಯಲ್ಲಿ ಇಂಜಿನಿಯರಿಂಗ್ ಫಿಸಿಕ್ಸ್ ಓದಿದವರು, ಭರತನಾಟ್ಯದ ಕಲಾವಿದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲೇ ಇರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ (ನಿಯಾಸ್) ಸಂಶೋಧನೆ ನಡೆಸಿದವರು. ನಟರಾಜನ ಕಂಚಿನ ವಿಗ್ರಹವನ್ನು ಲೋಹದ ಕಣ್ಣಿನಿಂದಲೂ ಕುಣಿತದ ಕಾಲಿನಿಂದಲೂ ಅಳೆದವರು. ಅವರಂಥವರಿಗೆ ಬೇರೆ ಜೊತೆಗಾರ ಬೇಕಿಲ್ಲ, ಇಬ್ಬರೂ ಒಬ್ಬರಲ್ಲೇ ಇದ್ದಾರೆ. ಎಚ್‌ಎಎಲ್‌ನಲ್ಲಿ ಇಂಜಿನಿಯರ್ ಆಗಿದ್ದು, ಕೊಳಲು ನುಡಿಸುತ್ತ, ಎಪ್ಪತ್ತರ ದಶಕದ ಕೊನೆಗೆ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆಯತ್ತ ಹೊರಳಿದ ಜಿ. ರಾಜ್ ನಾರಾಯಣ್ ಅವರೂ ಹಾಗೆಯೇ. (ಆ ಪೆಟ್ಟಿಗೆಯಿಂದ ತಂಬೂರಿ ಮೀಟುವವರಿಗೆ ಕೆಲಸ ತಪ್ಪಿತು ಎಂಬುದು ಇನ್ನೊಂದು ವಾರದ ಜಗಳ.)

ಇಬ್ಬರೂ ಒಬ್ಬರಲ್ಲೇ ಸಿಗುವುದು ಅಪರೂಪ. ಅದಕ್ಕೇ ರೆಸಿಡೆನ್ಸಿ ಬೇಕು. ಹಿಂದೆ ಇಂಥ ಕೂಟ ಸಹಜವಾಗಿಯೇ ಇತ್ತು. ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಗೆ ದಕ್ಷಿಣ ಭಾರತದ ವಾದ್ಯಗಾರರೆಲ್ಲ ಹಾತೊರೆಯುತ್ತಿದ್ದರು ಎಂದು ರೈಸ್ ಸಾಹೇಬರ ಮೈಸೂರು ಗೆಜೆಟಿಯರ್ ಹೇಳುತ್ತದೆ. ಕುಲುಮೆಯವನಿಗೆ ತನ್ನ ತಂತಿ ಎಲ್ಲಿ ಮಿಡಿಯುತ್ತದೆ ಎಂದು ಗೊತ್ತಿತ್ತು. ಇನ್ನು ನಮ್ಮ ಮಂಟೇಸ್ವಾಮಿ ಕಾವ್ಯ. ಪಾಂಚಾಳರ ಮನೆಯಲ್ಲಿ ಹುಟ್ಟಿದ ಕೆಂಪಾಚಾರಿ ಸಿದ್ದಪ್ಪಾಜಿಯಾಗಿ, ಗುರುವಿನ ಅಪ್ಪಣೆಯಂತೆ ಹಲಗೂರಿನ ಪಾಂಚಾಳರ ಹತ್ತಿರವೇ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಅವರು ಸುಲಭಕ್ಕೆ ಕೊಡುವುದಿಲ್ಲ. ಒಡ್ಡುವ ಪರೀಕ್ಷೆಗಳಿಗೆ ಲೆಕ್ಕವಿಲ್ಲ. ಕುಲುಮೆ, ತಿದಿ, ಅದಿರು, ಕುಲಕಸುಬಿನ ಜಂಬ, ಗುಟ್ಟು ಬಿಟ್ಟುಕೊಡದ ಹಟ, ಎಲ್ಲವೂ ಅದರಲ್ಲಿದೆ. ಲೋಹದವನಿಗೂ ಜೋಗಿಗೂ ನಡೆಯುವ ಇಂಥ ಜಟಾಪಟಿಯನ್ನು ರಾತ್ರಿಯಿಡೀ ಹಾಡುವ ಜನ ನಮ್ಮಲ್ಲಿದ್ದಾರೆ.

ಮತ್ತು ನಮ್ಮಲ್ಲಿ ಕ್ಯಾಂಪಸ್ಸೂ ಇದೆ. ಚಾಮರಾಜನಗರದಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಇದೆ. ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದದ್ದು 2023ರಲ್ಲಿ ಚಾಮರಾಜನಗರ ವಿಶ್ವವಿದ್ಯಾಲಯವಾಯಿತು. ಎರಡೇ ವರ್ಷಕ್ಕೆ, ದುಡ್ಡಿಲ್ಲ ಎಂದು, ಇದನ್ನೂ ಸೇರಿಸಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಸರ್ಕಾರದಲ್ಲಿ ಎದ್ದಿತು. ಇಂಥ ಹೊತ್ತಿನಲ್ಲಿ ನೀಲಗಾರರನ್ನು ಕರೆಸಿ ಎನ್ನುತ್ತೀರಲ್ಲ ಎಂದು ನಗುವವರು ನಗಲಿ. ಮೈಸೂರಿನಲ್ಲಿ ಸಿಗುವುದನ್ನೇ ಇಲ್ಲೂ ಕೊಟ್ಟರೆ ಮುಚ್ಚುವವರಿಗೆ ಕೆಲಸ ಸಲೀಸು. ಇಲ್ಲಿ ಮಾತ್ರ ಆಗಬಲ್ಲದ್ದನ್ನು ಮಾಡಿದರೆ ಮುಚ್ಚಲು ಕೈ ನಡುಗೀತು.

ವಿಶ್ವವಿದ್ಯಾಲಯಗಳು ಹಾಡುಗಾರರನ್ನು ಕರೆದೇ ಇಲ್ಲ ಎಂದಲ್ಲ. ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರ ಕಾಲದಿಂದ ಕರೆಸಿದ್ದಾರೆ, ಹಾಡಿಸಿದ್ದಾರೆ, ಸಾವಿರಾರು ಪುಟ ಅಚ್ಚು ಹಾಕಿದ್ದಾರೆ. ಆ ಋಣ ದೊಡ್ಡದು. ಆದರೆ ಹಾಡಿದ ಮೇಲೆ ಬಸ್ ಚಾರ್ಜು ಕೊಟ್ಟು ಕಳಿಸಿಕೊಟ್ಟರು. ನಾನು ಕೇಳುತ್ತಿರುವುದು ಬೇರೆ. ಒಬ್ಬ ನೀಲಗಾರರೋ ಕಂಸಾಳೆಯವರೋ ಒಂದು ಸೆಮಿಸ್ಟರ್ ಪೂರ್ತಿ ಇಂಜಿನಿಯರಿಂಗ್ ಹುಡುಗರ ಜೊತೆ ಇರಲಿ. ಎಲೆಕ್ಟ್ರಾನಿಕ್ಸ್‌ನವರು ತಂಬೂರಿಗೆ, ಗಗ್ಗರಕ್ಕೆ, ದನಿಗೆ ಬೇರೆಬೇರೆ ಮೈಕು ಇಟ್ಟು, ಹುಲ್ಲುಗಾವಲಿನಂಥ ಬಯಲಲ್ಲೂ ಜಗುಲಿಯ ಮಾತಿನಷ್ಟು ಹತ್ತಿರ ಕೇಳಿಸುವ ಸೆಟ್ಟು ಮಾಡಲಿ. ಅದು ಟೆಂಪೋದಲ್ಲಿ ಹಿಡಿಸಬೇಕು, ಜನರೇಟರಿನಲ್ಲಿ ನಡೆಯಬೇಕು, ಎಕೋ ಗುಂಡಿಯೇ ಇರಬಾರದು. ಮೆಕ್ಯಾನಿಕಲ್‌ನವರು ಬಡಿದ ಕಂಚು, ಎರಕದ ಕಂಚು, ಹಿತ್ತಾಳೆ ಎಲ್ಲದರ ಕಂಸಾಳೆ ಮಾಡಿ ತಂದು ಅವರ ಕೈಗೆ ಕೊಡಲಿ. ಪಾಸೋ ಫೇಲೋ ಎಂದು ಹೇಳಬೇಕಾದದ್ದು ಆ ಕೈ, ಪ್ರೊಜೆಕ್ಟ್ ಗೈಡ್ ಅಲ್ಲ. ಹಲಗೂರಿನ ಪಾಂಚಾಳರ ಹಾಗೆ ಅವರೂ ಸತಾಯಿಸಲಿ.

ಕರಾರುಗಳು ಕೆಲವಿವೆ. ಬರುವವರಿಗೆ ಅತಿಥಿ ಉಪನ್ಯಾಸಕರಿಗಿಂತ ಕಡಿಮೆ ಸಂಬಳ ಕೂಡದು, ಅದೂ ತಿಂಗಳು ತಿಂಗಳು ಕೈ ಸೇರಬೇಕು. ಮೊದಲ ವರ್ಷ ಉದ್ಘಾಟನೆ, ಪ್ರದರ್ಶನ, ಫ್ಲೆಕ್ಸು ಯಾವುದೂ ಬೇಡ. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯ ದಿನಗಳಲ್ಲಿ ನೀಲಗಾರರು ಕ್ಯಾಂಪಸ್ಸಿನಲ್ಲಿ ಇರುವುದಿಲ್ಲ, ಹುಡುಗರೂ ಸೆಟ್ಟು ಹೊತ್ತುಕೊಂಡು ಅವರ ಹಿಂದೆ ಹೋಗಬೇಕು, ಇಂಟರ್ನಲ್ಸ್ ಇದ್ದರೆ ಮುಂದೂಡಬೇಕು. ಇನ್ನು, ಈ ಕಾವ್ಯ ರಾತ್ರಿ ಊಟವಾದ ಮೇಲೆ ಶುರುವಾಗಿ ಬೆಳಕು ಹರಿಯುವವರೆಗೆ ನಡೆಯುವಂಥದ್ದು. ರಾತ್ರಿ ಬೀಗ ಹಾಕುವ ಹಾಸ್ಟೆಲ್ ವಾರ್ಡನ್ನರ ಬಳಿ ಈಗಲೇ ಮಾತಾಡಿಟ್ಟುಕೊಳ್ಳುವುದು ಒಳ್ಳೆಯದು.