ಗುಂಜಿಗೆ ಬೇಕಿರುವುದು ಪ್ರಚಾರವಲ್ಲ

ಊರಿಗೆ ಹೆಸರು ಬಂದರೆ ದುಡ್ಡು ಬರುತ್ತದೆ, ಹೆಸರು ಕೆಟ್ಟರೆ ವ್ಯಾಪಾರ ಮುಳುಗುತ್ತದೆ: ಪ್ರವಾಸೋದ್ಯಮದ ಬಗ್ಗೆ ಈ ಮಾತನ್ನು ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ವಿಷಯ ಬಂದಾಗಲೂ ಇದೇ ರಾಗ. ಇಲ್ಲಿನ ಕಾಡು, ಜಲಪಾತಗಳಿಗೆ ಪ್ರಚಾರ ಸಿಕ್ಕಿಲ್ಲ, ಸಿಕ್ಕರೆ ತಾಲ್ಲೂಕು ಉದ್ಧಾರವಾದೀತು ಎನ್ನುತ್ತಾರೆ. ಈ ಸೀಮೆಯನ್ನು ಮನಸಾರೆ ಪ್ರೀತಿಸುವ ನಾನು ಈ ವಾದವನ್ನು ಒಪ್ಪಲಾರೆ.

ಗುಂಜಿಯನ್ನೇ ನೋಡಿ. ಖಾನಾಪುರಕ್ಕೂ ಲೋಂಡಾಕ್ಕೂ ನಡುವಿನ ಊರು. ರೈಲು ಹಳಿಯೂ ಇದೆ, ಬೆಳಗಾವಿ–ಪಣಜಿ ಹೆದ್ದಾರಿಯೂ ಇದೆ. ಗೋವಾಕ್ಕೆ, ದೂಧಸಾಗರ ಜಲಪಾತಕ್ಕೆ ಹೊರಟ ಬೆಳಗಾವಿಯ ಜನ ಹಾಯುವ ದಾರಿಯೇ ಇದು. ವಾಸ್ಕೊ–ನಿಜಾಮುದ್ದೀನ್ ಗೋವಾ ಎಕ್ಸ್‌ಪ್ರೆಸ್ ಈ ನಿಲ್ದಾಣದಲ್ಲಿ ನಿಲ್ಲದೆ ಹೋಗುತ್ತದೆ. ಕಿಟಕಿಯಾಚೆಗೆ ಹಸಿರು ಹಾಯುತ್ತದೆ, ಮೊಬೈಲುಗಳು ಮೇಲೇಳುತ್ತವೆ. ಆ ಚಿತ್ರಗಳಿಂದ ಪಶ್ಚಿಮಘಟ್ಟಕ್ಕೆ ಹೆಸರು ಬಂತು, ಸರಿ. ಗುಂಜಿಯಲ್ಲಿ ಒಂದು ಕಪ್ ಚಹಾ ಹೆಚ್ಚು ಮಾರಾಟವಾಯಿತೇ?

ಹೆಸರಿನ ಬಲಕ್ಕೆ ಎಲ್ಲರೂ ಕೊಡುವ ಸಾಕ್ಷಿ ದೂಧಸಾಗರ. 2013ರ ‘ಚೆನ್ನೈ ಎಕ್ಸ್‌ಪ್ರೆಸ್’ ಚಿತ್ರದ ನಂತರ ಅದರ ಖ್ಯಾತಿ ಇನ್ನಷ್ಟು ಹಬ್ಬಿದ್ದು ನಿಜ. ಆದರೆ ಆ ಖ್ಯಾತಿ ಮಳೆಗಾಲದ್ದು: ಹಾಲಿನಂತೆ ಧುಮುಕುವ ನೀರು, ಅದರ ಮುಂದೆ ಸಾಗುವ ರೈಲು. ಗೋವಾದ ಕುಳೆಂನಿಂದ ಜಲಪಾತದ ಬುಡಕ್ಕೆ ಹೋಗುವ ಜೀಪುಗಳು ಮಳೆಗಾಲದಲ್ಲಿ ಓಡುವುದಿಲ್ಲ, ಮಳೆ ನಿಂತ ಮೇಲೆಯೇ ಅವುಗಳ ದುಡಿಮೆ. ಅಂದರೆ ಹೆಸರು ಗಳಿಸುವ ಕಾಲ ಒಂದು, ಹಣ ಗಳಿಸುವ ಕಾಲ ಇನ್ನೊಂದು. ಮಳೆಯಲ್ಲೇ ನುಗ್ಗಿದ ಜನಕ್ಕೆ ಸಿಕ್ಕಿದ್ದೇನು? 2023ರ ಜುಲೈನಲ್ಲಿ ಹಳಿಗುಂಟ ನಡೆದು ಬಂದವರಿಗೆ ಪೊಲೀಸರು ಬಸ್ಕಿ ಹೊಡೆಸಿದ್ದನ್ನು ದೇಶವೇ ನೋಡಿತು. ಖ್ಯಾತಿ ಏರಿದಷ್ಟೂ ನಿರ್ಬಂಧ ಬಿಗಿಯಾಯಿತು. ಕುಳೆಂನವರ ಬದುಕು ನಡೆದಿರುವುದು ಜೀಪು, ಸರದಿ, ನಿಗದಿತ ದರದ ವ್ಯವಸ್ಥೆಯಿಂದ. ಘಟ್ಟದ ಮೇಲಿನ ನಮ್ಮ ಕಡೆ ಹೆಸರು ಅಷ್ಟೇ ಇದೆ, ವ್ಯವಸ್ಥೆ ಇಲ್ಲ.

ಇತಿಹಾಸವೂ ಇದನ್ನೇ ಹೇಳುತ್ತದೆ. 1961ರವರೆಗೆ ಕ್ಯಾಸಲ್‌ರಾಕ್ ಗಡಿ ನಿಲ್ದಾಣವಾಗಿತ್ತು. ಪೋರ್ಚುಗೀಸರ ಗೋವಾಕ್ಕೆ ಹೋಗುವ ಗಾಡಿ ಸುಂಕದ ತಪಾಸಣೆಗೆ ಅಲ್ಲಿ ನಿಲ್ಲಲೇಬೇಕಿತ್ತು, ಜನ ಇಳಿಯಲೇಬೇಕಿತ್ತು. ಗೋವಾ ವಿಮೋಚನೆಯಾಯಿತು, ತಪಾಸಣೆ ಹೋಯಿತು, ಅದರ ಜೊತೆಗಿದ್ದ ಗಿಜಿಗುಡುವಿಕೆಯೂ ಹೋಯಿತು. ಆ ಊರಿಗೆ ಕೆಟ್ಟ ಹೆಸರೇನೂ ಬಂದಿರಲಿಲ್ಲ. ಈಚಿನ ನಿದರ್ಶನ ಬೇಕೆಂದರೆ ಗುಂಜಿಯ ಹೆದ್ದಾರಿಯೇ ಇದೆ. ಖಾನಾಪುರ–ರಾಮನಗರ–ಅನಮೋಡ ರಸ್ತೆ ವರ್ಷಗಟ್ಟಲೆ ಹದಗೆಟ್ಟಿದ್ದಾಗ ಗೋವಾಕ್ಕೆ ಹೋಗುವವರು ಜಾಂಬೋಟಿ–ಚೋರ್ಲಾ ದಾರಿ ಹಿಡಿದರು. ಗಿರಾಕಿ ತಪ್ಪಿದ್ದು ಗುಂಡಿಗಳಿಂದ.

ಹಾಗಾದರೆ ಕೆಟ್ಟ ಹೆಸರು ಏನೂ ಮಾಡುವುದಿಲ್ಲವೇ ಎಂದು ಕೇಳಬಹುದು. ಮಾಡುತ್ತದೆ. 2025ರ ಮಾರ್ಚ್‌ನಲ್ಲಿ ಹಂಪಿ ಸಮೀಪದ ಸಾಣಾಪುರದ ಬಳಿ ಪ್ರವಾಸಿಗರ ಮೇಲೆ ನಡೆದ ಘೋರ ಕೃತ್ಯದ ನಂತರ ಆನೆಗೊಂದಿ ಸುತ್ತಿನ ಹೋಂಸ್ಟೇಗಳು ಕಂಗಾಲಾದವು. ಆದರೆ ಅಲ್ಲಿ ಕಂಗಾಲಾಗಲು ಹೋಂಸ್ಟೇಗಳಿದ್ದವು ಎಂಬುದನ್ನು ಗಮನಿಸಬೇಕು. ಅಲ್ಲೇ ಪಕ್ಕದ ವಿರೂಪಾಪುರ ಗಡ್ಡೆಯ ರೆಸಾರ್ಟುಗಳು 2020ರಲ್ಲಿ ನೆಲಸಮವಾದಾಗ ಅವುಗಳ ಖ್ಯಾತಿಗೆ ಕುಂದೇನೂ ಇರಲಿಲ್ಲ. ಸುಪ್ರೀಂ ಕೋರ್ಟು ಅವನ್ನು ಅಕ್ರಮವೆಂದಿತು, ಅಷ್ಟೇ. ನೆಲ, ಪರವಾನಗಿ, ದಾರಿ ಗಟ್ಟಿಯಿಲ್ಲದ ಕಡೆ ವಿದೇಶದವರೆಗೆ ಹಬ್ಬಿದ ಹೆಸರೂ ಕಾಯುವುದಿಲ್ಲ.

ಪ್ರಚಾರಪ್ರಿಯರ ಬಗ್ಗೆ ನನ್ನ ಇನ್ನೂ ದೊಡ್ಡ ತಕರಾರು ಕಾಡಿನದು. ಇದೇ ತಾಲ್ಲೂಕಿನ, 2011ರಲ್ಲಿ ಅಭಯಾರಣ್ಯವಾದ ಭೀಮಗಡದ ಬಾರಾಪೇಡೆ ಗುಹೆಯಲ್ಲಿ ರಾಟನ್ ಬಾವಲಿಗಳಿವೆ. ಬಹುಕಾಲ ಈ ಬಾವಲಿಯ ನೆಲೆ ಜಗತ್ತಿನಲ್ಲಿ ಬೇರೆಲ್ಲೂ ಗೊತ್ತಿರಲಿಲ್ಲ. ಅಂಥ ಗುಹೆಯ ಬಾಯಿಗೆ ರೀಲ್ಸ್ ಮಾಡುವವರನ್ನು ತಂದು ನಿಲ್ಲಿಸುವುದನ್ನು ಅಭಿವೃದ್ಧಿ ಎನ್ನಲು ನನಗೆ ನಾಲಗೆ ಏಳುವುದಿಲ್ಲ.

ಕಾಡಿನ ಹೊರಗೆ, ಮಳೆಯ ಹಂಗಿಲ್ಲದೆ ನೋಡುವಂಥದ್ದು ಈ ತಾಲ್ಲೂಕಿನಲ್ಲಿ ಬೇಕಾದಷ್ಟಿದೆ. ಹಲಸಿಯಲ್ಲಿ ಕದಂಬರ ನೆನಪಿನ ಭೂವರಾಹ ನರಸಿಂಹ ದೇಗುಲ, ನಂದಗಡದಲ್ಲಿ 1831ರಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಸಮಾಧಿ, ಖಾನಾಪುರದಲ್ಲಿ ಕುಂಬಾರಿಕೆ ಕಲಿಸುವ ಕೇಂದ್ರ ಸಂಸ್ಥೆ. ಇವೆಲ್ಲ ಒಂದೇ ದಿನದ ಸುತ್ತಾಟಕ್ಕೆ ಸಿಗುತ್ತವೆ. ಬೆಳಗಾವಿಯಿಂದ ಬೆಳಿಗ್ಗೆ ಬಂದವರು ಮಧ್ಯಾಹ್ನದ ಊಟಕ್ಕೆ, ರಾತ್ರಿಯ ತಂಗುವಿಕೆಗೆ ಇಲ್ಲೇ ಉಳಿಯುವಂತಾದರೆ ಆ ಹಣ ಹಳ್ಳಿಯವರ ಕೈ ಸೇರುತ್ತದೆ.

ಪ್ರವಾಸೋದ್ಯಮ ಇಲಾಖೆಗೆ ನನ್ನ ವಿನಂತಿ ಇಷ್ಟೇ: ಈ ತಾಲ್ಲೂಕಿನ ಜಲಪಾತಗಳ ಮೇಲೆ ಇನ್ನೊಂದು ಪ್ರಚಾರ ವಿಡಿಯೊ ಮಾಡಿಸಬೇಡಿ. ಆ ದುಡ್ಡಿನಲ್ಲಿ ಹಲಸಿ, ನಂದಗಡಗಳಿಗೆ ಹೊತ್ತಿಗೆ ಸರಿಯಾಗಿ ಬರುವ ಬಸ್ಸು ಹಾಕಿಸಿ, ಗುಂಜಿಯಂಥ ಊರಿನ ಹುಡುಗ ಹುಡುಗಿಯರಿಗೆ ಮಾರ್ಗದರ್ಶಿಗಳಾಗಲು ತರಬೇತಿಯನ್ನೂ ಪರವಾನಗಿಯನ್ನೂ ಕೊಡಿ.