‘ಬಾಳಿಕೆಯುಳ್ಳ ವೇಗವರ್ಧಕ’ : ಪದಕೃತ್ಯ ವಿಚಾರ

ಮರಳಿ ವಿದ್ಯುತ್ತು ತುಂಬಬಹುದಾದ ಲೋಹ-ವಾಯು ವಿದ್ಯುತ್ಕೋಶಗಳನ್ನು ಕುರಿತ ಶಾಸ್ತ್ರಲೇಖನಗಳಲ್ಲಿ ‘ಅಗ್ಗವೂ ಬಾಳಿಕೆಯುಳ್ಳದ್ದೂ ಆದ ವೇಗವರ್ಧಕ’ ಎಂಬ ಮಾತು ಮೇಲಿಂದ ಮೇಲೆ ಕಂಡುಬರುತ್ತದೆ. ಲಕ್ಷಣವಾಕ್ಯದಲ್ಲಿ ಪ್ರತಿಯೊಂದು ಪದಕ್ಕೂ ಪ್ರಯೋಜನವಿರಬೇಕೆಂಬುದು ತಾರ್ಕಿಕರ ಮತ. ಈ ವಿಶೇಷಣಗಳಿಗೂ ಆ ಪರೀಕ್ಷೆಯು ಸಲ್ಲತಕ್ಕದ್ದಾಗಿದೆ.

ಮೊದಲು ವಿಶೇಷ್ಯ. ಸ್ವೀಡನ್ ದೇಶದ ಬರ್ಜೀಲಿಯಸನು 1835ರಲ್ಲಿ ಗ್ರೀಕ್ ಮೂಲದಿಂದ ‘ಕೆಟಾಲಿಸಿಸ್’ ಎಂಬ ಪದವನ್ನು ಕಲ್ಪಿಸಿದನು. ಅಂತ್ಯಫಲದಲ್ಲಿ ತಾನು ಸೇರದೆ ರಾಸಾಯನಿಕ ಕ್ರಿಯೆಯ ವೇಗವನ್ನು ಮಾರ್ಪಡಿಸತಕ್ಕ ವಸ್ತುವೆಂದು ಅನಂತರ ಆಸ್ಟ್‌ವಾಲ್ಡನು ಲಕ್ಷಣ ಹೇಳಿದನು. ಅವನಿಗೆ 1909ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಕನ್ನಡದ ‘ವೇಗವರ್ಧಕ’ ಶಬ್ದವು ಈ ಲಕ್ಷಣದ ಅರ್ಧವನ್ನು ಮಾತ್ರ ಹೇಳುತ್ತದೆ. ಕಾಯಿಸುವುದರಿಂದಲೂ ವೇಗವು ಹೆಚ್ಚುವುದಾದುದರಿಂದ, ಕೇವಲ ಅವಯವಾರ್ಥವನ್ನು ಹಿಡಿದರೆ ಶಾಖದಲ್ಲಿ ಅತಿವ್ಯಾಪ್ತಿಯುಂಟಾಗುವುದು. ‘ಪಂಕಜ’ದಂತೆ ಇದೂ ಯೋಗರೂಢವೆಂದು ಸಮಾಧಾನ ಹೇಳಬಹುದು.

ಹಾಗಾದರೆ, ತಾನು ವ್ಯಯವಾಗದಿರುವುದು ಲಕ್ಷಣದಲ್ಲಿಯೇ ಅಡಗಿರಲು, ‘ಬಾಳಿಕೆಯುಳ್ಳ’ ಎಂಬುದು ಪುನರುಕ್ತಿಯಲ್ಲವೆ? ಈ ಪೂರ್ವಪಕ್ಷಕ್ಕೆ ಸತು-ವಾಯು ಕೋಶವೇ ಉತ್ತರವನ್ನು ಕೊಡುತ್ತದೆ. ಅದು ವಿದ್ಯುತ್ತನ್ನು ಕೊಡುವಾಗ ಗಾಳಿಯ ಆಮ್ಲಜನಕವು ಕ್ಷಾರದ್ರಾವಣದಲ್ಲಿ ಹೈಡ್ರಾಕ್ಸೈಡ್ ಆಗಿ ಪರಿಣಮಿಸುತ್ತದೆ. ತುಂಬುವಾಗ ಅದೇ ವಿದ್ಯುದ್ವಾರದಲ್ಲಿ ಆಮ್ಲಜನಕವು ಮರಳಿ ಹೊರಡುತ್ತದೆ. ಗಣಿತದಂತೆ ಕೋಶದ ಒತ್ತಡ ಸುಮಾರು 1.66 ವೋಲ್ಟ್. ಅನುಭವದಲ್ಲಿ ದೊರೆಯುವುದು ಸುಮಾರು 1.2, ತುಂಬಲು ಬೇಕಾಗುವುದು ಸುಮಾರು 2. ಈ ಅಂತರವನ್ನು ಕುಗ್ಗಿಸುವುದೇ ವೇಗವರ್ಧಕದ ಕೆಲಸ. ಮೊದಲನೆಯ ಕ್ರಿಯೆಗೆ ಪ್ಲಾಟಿನಂ, ಎರಡನೆಯದಕ್ಕೆ ರುಥೇನಿಯಂ ಮತ್ತು ಇರಿಡಿಯಂ ಆಕ್ಸೈಡುಗಳು ಶ್ರೇಷ್ಠವಾದರೂ ಬಹುಮೂಲ್ಯವಾದವು. ಆದುದರಿಂದಲೇ ಮ್ಯಾಂಗನೀಸ್, ಕೋಬಾಲ್ಟ್, ನಿಕಲ್, ಕಬ್ಬಿಣಗಳ ಆಕ್ಸೈಡುಗಳನ್ನು ಇಂಗಾಲದ ಮೇಲೆ ಲೇಪಿಸುವ ಪ್ರಯತ್ನಗಳು ನಡೆದಿವೆ. ಆದರೆ ತುಂಬುವ ಒತ್ತಡದಲ್ಲಿ ಆಧಾರವಾದ ಇಂಗಾಲವೇ ಉತ್ಕರ್ಷಣ ಹೊಂದಿ ಸವೆಯುತ್ತದೆ. ಕಣಗಳು ಕಳಚುತ್ತವೆ, ಇಲ್ಲವೆ ಒಂದಕ್ಕೊಂದು ಅಂಟಿ ದಪ್ಪವಾಗುತ್ತವೆ. ಲಕ್ಷಣವು ಹೇಳುವುದು ಉದ್ದಿಷ್ಟವಾದ ಒಂದು ಕ್ರಿಯೆಯನ್ನು. ಕೋಶದಲ್ಲಿ ನಡೆಯುವುದು ಹಲವು. ಆದಕಾರಣ ‘ಬಾಳಿಕೆಯುಳ್ಳ’ ಎಂಬ ವಿಶೇಷಣವು ಸಾರ್ಥಕವೇ ಸರಿ.

ವ್ಯರ್ಥವಾಗತಕ್ಕುದು ‘ಅಗ್ಗ’ವೆಂಬುದು, ಅದನ್ನು ಒಂಟಿಯಾಗಿ ಪ್ರಯೋಗಿಸಿದಾಗ. ಒಂದು ತೂಕದ ಬೆಲೆ ಕಡಮೆಯಾದ ಮಾತ್ರಕ್ಕೆ ಅಗ್ಗವೆನಿಸಲಾರದು. ಕೋಶವು ತನ್ನ ಆಯುಷ್ಯದಲ್ಲಿ ಮರಳಿ ಕೊಟ್ಟ ಒಟ್ಟು ವಿದ್ಯುಚ್ಛಕ್ತಿಗೆ ಆ ಬೆಲೆಯನ್ನು ಹಂಚಿ ನೋಡಬೇಕು. ಬಾಳಿಕೆಯಿಲ್ಲದ ಅಗ್ಗವು ದುಬಾರಿಯ ಪರ್ಯಾಯನಾಮ.

ಬಾಳಿಕೆಯ ಪ್ರಮಾಣವೂ ವಿಚಾರಾರ್ಹವಾದದ್ದು. ಮಂದಪ್ರವಾಹದಲ್ಲಿ, ಸತುವಿನ ಅಲ್ಪಾಂಶವನ್ನೇ ಬಳಸಿ ಕಂಡ ನೂರಾರು ಆವೃತ್ತಿಗಳು ಪೂರ್ಣಭಾರದ ಬಾಳಿಕೆಯನ್ನು ಸಾಧಿಸಲಾರವು. ಅಲ್ಲಿ ಹೇತುವು ಸವ್ಯಭಿಚಾರವಾಗುತ್ತದೆ. ಗಾಳಿಯ ಇಂಗಾಲದ ಡೈ ಆಕ್ಸೈಡಿನಿಂದ ಕಾರ್ಬೊನೇಟು ಕಟ್ಟಿ ರಂಧ್ರಗಳು ಮುಚ್ಚುವುದು, ಸತುವು ಸೂಜಿಗಳಂತೆ ಬೆಳೆಯುವುದು, ಇವು ಬೇರೆಯ ಮೃತ್ಯುಕಾರಣಗಳು. ಇವುಗಳ ದೋಷವನ್ನು ವೇಗವರ್ಧಕಕ್ಕೆ ಆರೋಪಿಸಲಾಗದು. ಪ್ರವಾಹವೆಷ್ಟು, ಸತುವಿನ ಎಷ್ಟು ಭಾಗ ಬಳಕೆಯಾಯಿತು, ಆವೃತ್ತಿಗಳೆಷ್ಟು ಎಂಬ ಮೂರನ್ನೂ ಹೇಳದೆ ಬಳಸಿದ ‘ಬಾಳಿಕೆ’ಯು ಸ್ತುತಿಯಾದೀತೇ ಹೊರತು ಪ್ರಮಾಣವಾಗದು. ಹಗಲಿನ ಬಿಸಿಲ ಶಕ್ತಿಯನ್ನು ರಾತ್ರಿಗೆ ಕೂಡಿಡಬೇಕೆಂದು ಹಣ ತೆತ್ತು ಕೋಶವನ್ನು ಕೊಳ್ಳುವವನಿಗೆ ಸ್ತುತಿಯಿಂದ ದೀಪ ಉರಿಯುವುದಿಲ್ಲ.