ಮೂಗುತಿ ಅಲ್ಲಾಡದಿರಲಿ

ಈ ವಾರ ಏಳುಕಲ್ಲಿನ ಮೂಗುತಿ ಬೇಸರಿಯ ಬಗ್ಗೆ ಬರೆಯಬೇಕೆಂದು ಕೂತಿದ್ದೆ. ಅಷ್ಟರಲ್ಲಿ ಅಕ್ಕನ ಮಗಳು ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದಳು. ಚುಚ್ಚಿಸಿ ಐದು ವಾರ. ಮೂಗುತಿಯ ಪಕ್ಕದಲ್ಲೇ ಮೆಣಸಿನ ಕಾಳಿನಷ್ಟು ಕೆಂಪು ಗಂಟು. ಅರಿಸಿನ, ಕೊಬ್ಬರಿ ಎಣ್ಣೆ, ಸ್ಪಿರಿಟ್, ಮನೆಯಲ್ಲಿ ಯಾರು ಏನು ಹೇಳಿದರೋ ಎಲ್ಲ ಹಚ್ಚಿದ್ದಾಳೆ. ಅಂಟಿಕೊಂಡುಬಿಡುತ್ತದೆ ಎಂದು ಯಾರೋ ಹೆದರಿಸಿದ್ದಕ್ಕೆ ದಿನಕ್ಕೆರಡು ಸಲ ಮೂಗುತಿಯನ್ನು ತಿರುಗಿಸುತ್ತಲೂ ಇದ್ದಾಳೆ.

ಆ ತಿರುಗಿಸುವುದೇ ಅರ್ಧ ಕಾಯಿಲೆ. ಕಿವಿಯ ಹಾಲೆ ಆರೆಂಟು ವಾರಕ್ಕೆ ಮಾಯುತ್ತದೆ. ಮೂಗಿನ ಹೊಳ್ಳೆಗೆ ನಾಲ್ಕರಿಂದ ಆರು ತಿಂಗಳು ಬೇಕು, ಕೆಲವರಿಗೆ ವರ್ಷವೇ. ಹೊರಗೆ ಒಣಗಿದಂತೆ ಕಂಡರೂ ತೂತಿನೊಳಗೆ ಇನ್ನೂ ಎಳೆಚರ್ಮ. ಕಡ್ಡಿಯ ಸುತ್ತ ತಿಳಿಹಳದಿ ನೀರು ಒಸರಿ ಹಕ್ಕಳೆ ಕಟ್ಟುವುದು ಸಹಜ, ಅದು ಕೀವಲ್ಲ. ತಿರುಗಿಸಿದಾಗಲೆಲ್ಲ ಆ ಹಕ್ಕಳೆ ಒಳಗೆ ಸರಿದು ಎಳೆಚರ್ಮವನ್ನು ಗೀರುತ್ತದೆ. ಟವೆಲ್ಲಿನ ದಾರ, ಮಲಗುವ ದಿಂಬು ಕೂಡ ಮಾಡುವುದು ಇದನ್ನೇ. ಗೀರಿದಷ್ಟೂ ದೇಹ ಮಾಂಸ ತುಂಬುತ್ತದೆ, ಗಂಟು ಏಳುತ್ತದೆ.

ಇದನ್ನು ಕೆಲಾಯ್ಡ್ ಎಂದು ಹೆದರುವವರು ಬಹಳ. ಕೆಲಾಯ್ಡ್ ಸಾಮಾನ್ಯವಾಗಿ ತಿಂಗಳುಗಳು ಕಳೆದ ಮೇಲೆ ಹುಟ್ಟಿ, ಗಾಯದ ಗಡಿ ದಾಟಿ ಬೆಳೆಯುತ್ತದೆ, ತಾನಾಗಿ ಇಳಿಯದು. ವಾರಗಳಲ್ಲೇ ಎದ್ದ, ಮುಟ್ಟಿದರೆ ರಕ್ತ ಒಸರುವ ಗುಳ್ಳೆ ಹೆಚ್ಚಾಗಿ ಗಾಯವನ್ನು ಕೆಣಕಿದ್ದರಿಂದ ಆದದ್ದು. ಅನುಮಾನವಿದ್ದರೆ ಚರ್ಮವೈದ್ಯರು ನೋಡಲಿ.

ಉಳಿದರ್ಧ ತಪ್ಪು ಅಂಗಡಿಯದು. ಅವಳಿಗೆ ಗನ್ನಿನಲ್ಲಿ ಹೊಡೆದಿದ್ದರು. ಟೊಳ್ಳು ಸೂಜಿ ಕೊಯ್ದು ದಾರಿ ಮಾಡಿದರೆ, ಗನ್ನು ಮೊಂಡು ಕಡ್ಡಿಯನ್ನು ಮೃದ್ವಸ್ಥಿಯೊಳಗೆ ಜಜ್ಜಿ ನೂಕುತ್ತದೆ. ಪ್ಲಾಸ್ಟಿಕ್ಕಿನ ಗನ್ನನ್ನು ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಲ್ಲಿ ಇಡಲೂ ಆಗದು. ಮೂಗುತಿ ಯಾವ ಲೋಹದ್ದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಗ್ಗದ ಲೋಹದಲ್ಲಿ ನಿಕ್ಕಲ್ ಇದ್ದರೆ, ಒಗ್ಗದವರಿಗೆ ಗಾಯ ತಿಂಗಳುಗಟ್ಟಲೆ ತುರಿಸುತ್ತದೆ.

ಹಳೆಯ ಅಕ್ಕಸಾಲಿಗರ ಕೆಲಸದ ಮೇಲೆ ನನಗೆ ಗೌರವ ಇರುವುದು ಇಲ್ಲೇ. ಎಳೆಯಷ್ಟು ಸಣ್ಣ ಚಿನ್ನದ ತಂತಿಯಿಂದ ಚುಚ್ಚಿ, ಅದನ್ನೇ ಸಡಿಲ ಬಳೆಯಂತೆ ಬಗ್ಗಿಸಿ ಬಿಡುತ್ತಿದ್ದರು. 22 ಕ್ಯಾರೆಟ್ಟಿನಲ್ಲಿ ಶೇ 91.6 ಚಿನ್ನ, ಉಳಿದದ್ದು ಮುಖ್ಯವಾಗಿ ಬೆಳ್ಳಿ, ತಾಮ್ರ. ಮೂಗು ಊದಿಕೊಳ್ಳಲು ಜಾಗವೂ ಇರುತ್ತಿತ್ತು. ಬೇಸರಿಯ ದಪ್ಪ ತಿರುಪು ಗಾಯ ಪೂರ್ತಿ ಮಾದ ಮೇಲೆಯೇ. ಅವರು ಕೈ ತೊಳೆಯದೆ ಚುಚ್ಚಿದ್ದನ್ನೂ ನೋಡಿದ್ದೇನೆ, ಅದನ್ನು ಮಾತ್ರ ಒಪ್ಪಲಾರೆ.

ಅವಳಿಗೆ ಹೇಳಿದ್ದು ಇಷ್ಟು. ಹಚ್ಚುವುದೆಲ್ಲ ಬಂದ್. ಕೈ ತೊಳೆದು, ದಿನಕ್ಕೆರಡು ಸಲ ಔಷಧ ಅಂಗಡಿಯ ಶೇ 0.9ರ ಸಲೈನ್ ಸಿಂಪಡಿಸಿ, ಮೆತ್ತಗೆ ಒರೆಸಬೇಕು. ಸೂಜಿಯಲ್ಲಿ ಚುಚ್ಚುವ ಅನುಭವಿಯ ಬಳಿ ಕರೆದೊಯ್ದೆ. ಅವರು ಆ ಕಡ್ಡಿ ತೆಗೆದು, ಒಳಗಡೆ ಚಪ್ಪಟೆ ಬಿಲ್ಲೆಯಿರುವ, ಅಳತೆಗೆ ಸರಿಯಾದ ಟೈಟಾನಿಯಂ ಮೂಗುತಿ ಹಾಕಿದರು. ಏಳನೆಯ ವಾರಕ್ಕೆ ಗಂಟು ಚರ್ಮದ ಮಟ್ಟಕ್ಕೆ ಇಳಿಯಿತು.

ಆದರೆ ಕೆಂಪು ಕೆನ್ನೆಗೆ ಹರಡಿದರೆ, ಗಟ್ಟಿ ಹಸಿರು ಕೀವು ಬಂದರೆ, ಜ್ವರ ಕಾದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಹೆದರಿ ಮೂಗುತಿಯನ್ನು ಮಾತ್ರ ನೀವೇ ಕಿತ್ತುಹಾಕಬೇಡಿ. ಹೊಸ ತೂತು ಬೇಗ ಮುಚ್ಚಿ, ಕೀವು ಒಳಗೇ ಉಳಿದುಬಿಡಬಹುದು.